ಡಿಜೆ ಅಂದ್ರೆ ಮನುಷ್ಯನೋ, ಡಬ್ಬವೋ?

ಗಣೇಶನ ಹಬ್ಬವೋ ಯಾವುದಾದರೂ ಜಯಂತಿಯೋ ಹತ್ತಿರ ಬಂತು ಅಂದ್ರೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಸೇರೋದು ನಮ್ಮ ರಾಯಚೂರು, ದೇವದುರ್ಗ, ಮಾನ್ವಿ ಕಡೆ ವಾಡಿಕೆ. ಸಮಿತಿಯ ಹುಡುಗರು, ಊರ ಹಿರಿಯರು, ಅಧಿಕಾರಿಗಳು ಕೂತು ಮಾತಾಡ್ತಾರೆ. ರಾಜ್ಯದ ಉಳಿದ ಕಡೆಯಂತೆ ಇಲ್ಲೂ ಇತ್ತೀಚೆಗೆ ತಪ್ಪದೇ ಬರುವ ಒಂದು ವಿಷಯ ಡಿಜೆ. ಹಚ್ಚಬೇಕೋ ಬೇಡವೋ, ಹಚ್ಚಿದರೆ ಎಷ್ಟು ಹೊತ್ತಿನ ತನಕ, ಎಷ್ಟು ಬಾಕ್ಸು.

ಈ ಮಾತಿನಲ್ಲೇ ಒಂದು ತಮಾಷೆ ಅಡಗಿದೆ. ಡಿಜೆ ಅಂದ್ರೆ ಡಿಸ್ಕ್ ಜಾಕಿ, ಅಂದ್ರೆ ಒಬ್ಬ ಮನುಷ್ಯ. ಬೆಂಗಳೂರಿನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಶುಕ್ರವಾರ ರಾತ್ರಿ ನೀವು ಹೋಗುವ ಜಾಗದಲ್ಲಿ ಅವನಿಗೊಂದು ಹೆಸರಿರುತ್ತದೆ. ಪೋಸ್ಟರಿನ ಮೇಲೆ ಅವನ ಫೋಟೋ ಇರುತ್ತದೆ. 'ಡಿಜೆ ಬಂದ' ಅಂತೀರಿ, ಹೆಣ್ಣುಮಗಳಾದರೆ 'ಡಿಜೆ ಬಂದಳು' ಅಂತೀರಿ. ಅದೇ ರಾಯಚೂರಿನ ತೀನ್ ಕಂದೀಲಿನಲ್ಲಿ ನಿಂತವರು ಹೇಳೋದು 'ಡಿಜೆ ಬಂತು' ಅಂತ. ಬಂದದ್ದು ಒಂದು ಗಾಡಿ. ಅದರ ಮೇಲೆ ಗೋಡೆ ಕಟ್ಟಿದ ಹಾಗೆ ಪೇರಿಸಿದ ಸ್ಪೀಕರ್ ಬಾಕ್ಸುಗಳು, ಹಿಂದೆ ಜನರೇಟರು, ಮೇಲೆ ತಿರುಗುವ ಬಣ್ಣದ ಲೈಟು. ಆ ಬಾಕ್ಸುಗಳ ನಡುವೆ ಲ್ಯಾಪ್‌ಟಾಪ್ ಹಿಡಿದು ಕೂತ ಒಬ್ಬ ಹುಡುಗ ಇರ್ತಾನೆ. ಅವನಿಗೆ ಹೆಸರಿಲ್ಲ.

ಕ್ರಿಯಾಪದವನ್ನೂ ನೋಡಿ. ನಮ್ಮ ಕಡೆ ಹಲಗಿ ಬಾರಿಸ್ತಾರೆ, ಸನಾದಿ ಊದ್ತಾರೆ, ಪೇಟಿ ನುಡಿಸ್ತಾರೆ, ಪದ ಹಾಡ್ತಾರೆ. ಡಿಜೆ ಮಾತ್ರ ಹಚ್ತಾರೆ. ದೀಪ ಹಚ್ಚಿದಂತೆ, ಟಿವಿ ಹಚ್ಚಿದಂತೆ. ಭಾಷೆ ತನ್ನ ತೀರ್ಪನ್ನು ಆಗಲೇ ಕೊಟ್ಟುಬಿಟ್ಟಿದೆ: ಇದು ನುಡಿಸುವ ವಸ್ತುವಲ್ಲ, ಸ್ವಿಚ್ ಒತ್ತುವ ವಸ್ತು.

ಹಾಗಾಗಿ 'ಡಿಜೆಗಳನ್ನು ಸಂಗೀತಗಾರರು ಅನ್ನಬಹುದಾ?' ಅನ್ನೋ ಪ್ರಶ್ನೆಗೆ ರಾಯಚೂರಿನಲ್ಲಿ ಉತ್ತರ ಹುಡುಕಬೇಕಾದರೆ ಮೊದಲು ಆ ಡಬ್ಬದ ಹಿಂದೆ ಕೂತ ಮನುಷ್ಯನನ್ನು ಹುಡುಕಬೇಕು. ಅದಕ್ಕೆ ಸ್ವಲ್ಪ ಇತಿಹಾಸ ಬೇಕು.

ಹೆಸರು ನಡೆದು ಬಂದ ದಾರಿ

'ಡಿಸ್ಕ್ ಜಾಕಿ' ಅನ್ನೋ ಪದ ಹುಟ್ಟಿದ್ದು ಅಮೆರಿಕದ ರೇಡಿಯೋದಲ್ಲಿ. 1935ರಲ್ಲಿ ವಾಲ್ಟರ್ ವಿಂಚೆಲ್ ಎಂಬ ಪತ್ರಕರ್ತ ಇದನ್ನು ಬಳಕೆಗೆ ತಂದ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆಗ ಅದರಲ್ಲಿ ಸಣ್ಣ ವ್ಯಂಗ್ಯವೂ ಇತ್ತು. ಕುದುರೆ ಓಡುತ್ತೆ, ಜಾಕಿ ಮೇಲೆ ಕೂತಿರ್ತಾನೆ. ತಟ್ಟೆ ತಿರುಗುತ್ತೆ, ಇವನು ಪಕ್ಕದಲ್ಲಿ ಕೂತು ಮಾತಾಡ್ತಾನೆ.

ಸಂಗೀತಗಾರರಿಗೆ ಈ ತಟ್ಟೆಯ ಮೇಲಿದ್ದ ಸಿಟ್ಟು ಇನ್ನೂ ಹಳೆಯದು. 1906ರಲ್ಲೇ ಬ್ಯಾಂಡ್ ಸಂಗೀತದ ದೊಡ್ಡ ಹೆಸರು ಜಾನ್ ಫಿಲಿಪ್ ಸೂಸಾ, ಯಂತ್ರದ ಸಂಗೀತ ಮನುಷ್ಯರ ಹಾಡುವ ಅಭ್ಯಾಸವನ್ನೇ ತಿಂದುಹಾಕುತ್ತದೆ ಅಂತ ಲೇಖನ ಬರೆದಿದ್ದರು. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಒಕ್ಕೂಟ ರೆಕಾರ್ಡಿಂಗ್ ಮಾಡುವುದನ್ನೇ ನಿಲ್ಲಿಸಿ ಮುಷ್ಕರ ಹೂಡಿತು. ರೇಡಿಯೋ ಮತ್ತು ಜೂಕ್‌ಬಾಕ್ಸುಗಳು ರೆಕಾರ್ಡ್ ತಿರುಗಿಸಿ ದುಡ್ಡು ಮಾಡ್ತಿವೆ, ನಮ್ಮ ಹೊಟ್ಟೆಗೆ ಕಲ್ಲು ಬೀಳ್ತಿದೆ ಅನ್ನೋದು ಅವರ ತಕರಾರು. ಆ ಮುಷ್ಕರ 1944ರ ತನಕ ಎಳೆಯಿತು. ಇವತ್ತು ಡಿಜೆ ಬಂದಮೇಲೆ ಮದುವೆಗೆ ಯಾರೂ ಕರೀವಲ್ರು ಅಂತ ನಮ್ಮ ಬ್ಯಾಂಡಿನವರು, ಸನಾದಿಯವರು ಹೇಳುವ ಮಾತೂ ಇದೇ.

ಎರಡನೆಯ ತಿರುವು ಬಂದದ್ದು ಜಮೈಕಾದಲ್ಲಿ. 1940ರ ದಶಕದ ಕೊನೆ ಮತ್ತು 50ರ ದಶಕದಲ್ಲಿ ಕಿಂಗ್‌ಸ್ಟನ್ ನಗರದ ಬಡ ಓಣಿಗಳಲ್ಲಿ 'ಸೌಂಡ್ ಸಿಸ್ಟಮ್' ಅಂತ ಶುರುವಾಯಿತು. ಗಾಡಿಯಲ್ಲಿ ಹೇರಿಕೊಂಡು ಬಂದ ದೊಡ್ಡ ದೊಡ್ಡ ಬಾಕ್ಸು, ಜನರೇಟರು, ರೆಕಾರ್ಡು, ರಸ್ತೆಯಲ್ಲೇ ಕುಣಿತ. ಬ್ಯಾಂಡಿಗೆ ಕೊಡೋಕೆ ದುಡ್ಡಿಲ್ಲದ ಜನ ಕಂಡುಕೊಂಡ ಉಪಾಯ ಅದು. ಒಂದು ಸೌಂಡು ಇನ್ನೊಂದರ ಎದುರು ನಿಂತು 'ಯಾರದು ಜೋರು' ಅಂತ ಪೈಪೋಟಿಗೆ ಬೀಳೋದು ಅಲ್ಲಿನ ರೂಢಿ. ಓದ್ತಾ ಓದ್ತಾ ನಿಮಗೆ ನಮ್ಮ ವಿಸರ್ಜನೆಯ ಮೆರವಣಿಗೆ ನೆನಪಾದರೆ ಆಶ್ಚರ್ಯವಿಲ್ಲ. ನಮ್ಮ ಜಿಲ್ಲೆಯ ಡಿಜೆ ಗಾಡಿ ಇಂದಿರಾನಗರದ ಪಬ್ಬಿಗಿಂತ ಕಿಂಗ್‌ಸ್ಟನ್ನಿನ ಓಣಿಗೇ ಹತ್ತಿರದ ಸಂಬಂಧಿ.

ಆದರೆ ಜಮೈಕಾದವರು ಒಂದು ಜಾಣತನ ಮಾಡಿದರು. ಬಾಕ್ಸಿನ ಹಿಂದಿನ ಜನಕ್ಕೆ ಬೇರೆ ಬೇರೆ ಹೆಸರು ಕೊಟ್ಟರು. ಯಾವ ಹಾಡಿನ ಮೇಲೆ ಯಾವ ಹಾಡು ಅಂತ ಆರಿಸುವವನು 'ಸೆಲೆಕ್ಟರ್'. ಮೈಕ್ ಹಿಡಿದು ತಾಳಕ್ಕೆ ಸರಿಯಾಗಿ ಮಾತು ಹೆಣೆಯುವವನು 'ಡೀಜೆ'. ಆಂಪ್ಲಿಫೈಯರ್, ವೈರು ನೋಡಿಕೊಳ್ಳುವವನು 'ಆಪರೇಟರ್'. ಮೂರೂ ಬೇರೆ ಕಸುಬು. ಈ ಮಾತು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಆ ಕಿಂಗ್‌ಸ್ಟನ್ನಿನಿಂದ 1967ರಲ್ಲಿ ಕ್ಲೈವ್ ಕ್ಯಾಂಬೆಲ್ ಎಂಬ ಹುಡುಗ ನ್ಯೂಯಾರ್ಕಿಗೆ ಬಂದ. 1973ರ ಆಗಸ್ಟ್ 11ರಂದು ಬ್ರಾಂಕ್ಸಿನ 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದ ಹಾಲಿನಲ್ಲಿ ಅವನ ತಂಗಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ರೆಕಾರ್ಡ್ ಹಾಕಿದ್ದು ಅಣ್ಣ. ಹಾಡಿನಲ್ಲಿ ಮಾತು ನಿಂತು ಬರೀ ಡ್ರಮ್ ಉಳಿಯುವ ಕೆಲವೇ ಸೆಕೆಂಡುಗಳ ಜಾಗದಲ್ಲಿ ಜನ ಹುಚ್ಚೆದ್ದು ಕುಣೀತಾರೆ ಅನ್ನೋದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಶುರುಮಾಡಿ, ಆ ಸೆಕೆಂಡುಗಳನ್ನು ನಿಮಿಷಗಟ್ಟಲೆ ಹಿಗ್ಗಿಸುವುದು ಅವನ ಕೈಚಳಕವಾಯಿತು. ಜಗತ್ತು ಅವನನ್ನು ಡಿಜೆ ಕೂಲ್ ಹರ್ಕ್ ಅಂತ ಕರೆಯುತ್ತದೆ. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಎಲ್ಲರೂ ಹಿಡಿಯೋದು ಆ ದಿನವನ್ನೇ.

ಅವನು ಒಂದು ಸ್ವರವನ್ನೂ ಹಾಡಲಿಲ್ಲ, ಒಂದು ತಂತಿಯನ್ನೂ ಮೀಟಲಿಲ್ಲ. ಆದರೆ ಆ ಹಾಡು ಮಾಡಿದವರು ಯೋಚಿಸಿರದ ಒಂದು ಲಯ ಆ ಹಾಲಿನಲ್ಲಿತ್ತು. ಅದು ಎಲ್ಲಿಂದ ಬಂತು?

ಮಾನ್ವಿಯಲ್ಲಿ ಈ ಜಗಳ ಮುನ್ನೂರು ವರ್ಷ ಹಳೆಯದು

'ಇದೂ ಒಂದು ಸಂಗೀತವೇ?' ಅನ್ನೋ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. ರಾಯಚೂರು ಜಿಲ್ಲೆ ದಾಸ ಸಾಹಿತ್ಯದ ಎರಡನೇ ತವರು. ವಿಜಯದಾಸರು (1682–1755) ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು (1728–1809) ಮಾನ್ವಿ ಸೀಮೆಯ ಬ್ಯಾಗವಾಟದವರು, ಮಾನ್ವಿಯಲ್ಲೇ ನೆಲೆಸಿದವರು.

ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರು, ದೊಡ್ಡ ಸಂಸ್ಕೃತ ಪಂಡಿತರು. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಬೀದಿಯಲ್ಲಿ ಕನ್ನಡದ ಪದ ಹೇಳುತ್ತಾ ಹೋಗುವ ದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು, ಆಮೇಲೆ ನಿಜವಾಗಿಯೂ ಹೊಟ್ಟೆನೋವು ಬಂದು ಹಿಡಿಯಿತು, ಕೊನೆಗೆ ಅದೇ ದಾಸರ ಬಳಿ ಹೋಗಬೇಕಾಯಿತು ಅಂತ ನಮ್ಮ ಕಡೆ ಇವತ್ತಿಗೂ ಕತೆ ಹೇಳ್ತಾರೆ. ಕತೆಯಲ್ಲಿ ಪವಾಡದ ಪಾಲೆಷ್ಟು ಅನ್ನೋದು ಪಕ್ಕಕ್ಕಿರಲಿ. ಅದನ್ನು ಹೇಳಿಕೊಂಡು ಬಂದ ಜನರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಪಂಡಿತರು ಬೀದಿಯ ಹಾಡನ್ನು ಮೊದಲು ಕೀಳಾಗಿ ಕಾಣ್ತಾರೆ, ಆಮೇಲೆ ಅದರ ಹತ್ತಿರ ಬರ್ತಾರೆ. ಶ್ರೀನಿವಾಸಾಚಾರ್ಯರು ಬಂದರು, ಕನ್ನಡದಲ್ಲೇ 'ಹರಿಕಥಾಮೃತಸಾರ' ಬರೆದರು.

ಇನ್ನೊಂದು ಸೂಕ್ಷ್ಮ ಇದೆ. ನಾವು ಇವತ್ತು ಕೇಳುವ ದಾಸರ ಪದಗಳ ಮೂಲ ಧಾಟಿಗಳು ಹೆಚ್ಚಿನವು ಉಳಿದಿಲ್ಲ. ಸಾಹಿತ್ಯ ಉಳಿಯಿತು, ರಾಗ ಕೂರಿಸಿದ್ದು ಆಮೇಲೆ ಬಂದವರು. ಭೀಮಸೇನ ಜೋಶಿಯವರ ದಾಸವಾಣಿ ಕೇಳಿ ಕಣ್ಣು ಒದ್ದೆ ಮಾಡಿಕೊಂಡವರು ಲೆಕ್ಕವಿಲ್ಲದಷ್ಟು. ಆಗ ಯಾರೂ 'ಈ ಸಾಹಿತ್ಯ ಇವರದಲ್ಲವಲ್ಲ, ಈ ರಾಗವೂ ಇವರು ಹುಟ್ಟಿಸಿದ್ದಲ್ಲವಲ್ಲ' ಅನ್ನಲ್ಲ. ಇದ್ದದ್ದನ್ನು ತಗೊಂಡು, ಆರಿಸಿ, ಹೊತ್ತಿಗೆ ತಕ್ಕಂತೆ ಕೂರಿಸೋದು ನಮ್ಮಲ್ಲಿ ಸಂಗೀತದ ಹೊರಗಿನ ಕೆಲಸ ಆಗಿರಲೇ ಇಲ್ಲ.

ವಿಜಯದಾಸರಿಗೆ ದೊಡ್ಡ ಹೆಸರಿರುವುದು ಸುಳಾದಿಗಳಲ್ಲಿ. ಸುಳಾದಿ ಅಂದರೆ ಒಂದೊಂದು ನುಡಿ ಒಂದೊಂದು ತಾಳದಲ್ಲಿ ಸಾಗುವ ಮಾಲಿಕೆ. ಧ್ರುವ, ಮಟ್ಟ, ತ್ರಿವಿಡಿ, ಅಟ್ಟ, ಆದಿ ಅಂತ ತಾಳ ಬದಲಾಗ್ತಾ ಹೋಗಿ ಕೊನೆಗೆ 'ಜತೆ'ಯಲ್ಲಿ ಮುಗಿಯುತ್ತದೆ. ಒಂದು ನಡೆಯಿಂದ ಇನ್ನೊಂದು ನಡೆಗೆ ಕೇಳುವವರ ಕೈಬಿಡದೆ ದಾಟಿಸುವುದು ಅದರ ಜೀವ. ಒಳ್ಳೆಯ ಡಿಜೆ ತನ್ನ ಎರಡು ಗಂಟೆಯ ಸೆಟ್ ಕಟ್ಟುವಾಗ ತಲೆಕೆಡಿಸಿಕೊಳ್ಳೋದೂ ಈ ದಾಟುವಿಕೆಯ ಬಗ್ಗೆಯೇ. ಸುಳಾದಿಗೂ ಡಿಜೆ ಸೆಟ್ಟಿಗೂ ಭಕ್ತಿಯಲ್ಲಿ, ಆಳದಲ್ಲಿ ಅಜಗಜಾಂತರ. ಆದರೆ ದಾಟಿಸುವ ಕೆಲಸಕ್ಕೆ ಕಿವಿ ಬೇಕು ಅನ್ನೋದು ಎರಡಕ್ಕೂ ಒಂದೇ.

ಅಂಕಿತದ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ದಾಸರ ಪದದ ಕೊನೆಗೆ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಹಾಡಿದವನ ಗುರುತು ದೇವರ ಹೆಸರಲ್ಲಿ. ನಮ್ಮ ಉತ್ತರ ಕರ್ನಾಟಕದ ರಿಮಿಕ್ಸುಗಳಲ್ಲಿ ಹಾಡಿನ ನಡುನಡುವೆ 'ಡಿಜೆ ಇಂಥವನು, ಇಂಥ ಊರು' ಅಂತ ಒಂದು ದನಿ ಗುಡುಗುತ್ತಲ್ಲ, ಅದೂ ಅಂಕಿತವೇ. ಡಬ್ಬದ ಹಿಂದೆ ಕಳೆದುಹೋದ ಹುಡುಗ 'ನಾನೊಬ್ಬ ಇಲ್ಲಿದೀನಿ' ಅಂತ ಕೂಗಿಕೊಳ್ಳುವ ರೀತಿ ಅದು.

ಪೇಟಿಗೂ ಬಾಗಿಲು ಹಾಕಿದ್ದರು

ವಾದ್ಯಗಳ ವಿಷಯದಲ್ಲೂ ಇದೇ ಕತೆ. ಉತ್ತರ ಕರ್ನಾಟಕದಲ್ಲಿ ಪೇಟಿ ಇಲ್ಲದ ಭಜನೆ, ಪೇಟಿ ಮಾಸ್ತರ ಇಲ್ಲದ ಕಂಪನಿ ನಾಟಕ ಊಹಿಸಿಕೊಳ್ಳೋಕೆ ಆಗುತ್ತಾ? ಅದೇ ಪೇಟಿಯನ್ನು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ನಿಷೇಧಿಸಿತ್ತು. ಅದು ಯುರೋಪಿನ ಯಂತ್ರ, ಸ್ವರಗಳು ಕಟ್ಟಿಟ್ಟಂತಿವೆ, ಮೀಂಡ ಬರಲ್ಲ, ನಮ್ಮ ಶ್ರುತಿಗೆ ಒಗ್ಗಲ್ಲ ಅನ್ನೋದು ಆಕ್ಷೇಪ. ರವೀಂದ್ರನಾಥ ಠಾಕೂರರಿಗೂ ಪೇಟಿ ಸೇರ್ತಿರಲಿಲ್ಲ. ಮೂರು ದಶಕ ನಡೆದ ಆ ನಿಷೇಧ 1971ರಿಂದ ಸಡಿಲವಾಗುತ್ತಾ ಬಂತು.

ಆಕ್ಷೇಪ ಸುಳ್ಳೇನಲ್ಲ. ಪೇಟಿಯಲ್ಲಿ ಮೀಂಡ ಬರಲ್ಲ ಅನ್ನೋದು ಇವತ್ತಿಗೂ ನಿಜ. ಆದರೆ ನುಡಿಸುವವರು ಆ ಮಿತಿಯೊಳಗೇ ಒಂದು ಭಾಷೆ ಕಟ್ಟಿದರು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಅದನ್ನು ಸೋಲೋ ವಾದ್ಯವನ್ನಾಗಿಯೇ ನಿಲ್ಲಿಸಿದರು. ವಾದ್ಯ ಬದಲಾಗಲಿಲ್ಲ, ಕೈ ಬದಲಾಯಿತು.

ಮುಂಬೈಯ ಚರಣ್‌ಜಿತ್ ಸಿಂಗ್ ಕತೆ ಇನ್ನೂ ಮಜವಾಗಿದೆ. ಹಿಂದಿ ಸಿನಿಮಾ ಹಾಡುಗಳಿಗೆ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಸಿಂಥಸೈಜರು, ಬೇಸ್ ಯಂತ್ರ, ಡ್ರಮ್ ಯಂತ್ರ ಜೋಡಿಸಿಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿ ಒಂದು ರೆಕಾರ್ಡ್ ತಂದರು. ಆಗ ಹೆಚ್ಚಿನವರು ಕಿವಿಗೊಡಲಿಲ್ಲ. 2010ರಲ್ಲಿ ಅದು ಮರುಮುದ್ರಣವಾದಾಗ, ಅಮೆರಿಕದ ಶಿಕಾಗೋದಲ್ಲಿ ಮುಂದೆ ಹುಟ್ಟಿದ 'ಆಸಿಡ್ ಹೌಸ್' ಸಂಗೀತದ ಸದ್ದನ್ನು ಇವರು ವರ್ಷಗಳ ಮುಂಚೆಯೇ ಮಾಡಿಟ್ಟಿದ್ದರಲ್ಲ ಅಂತ ಜಗತ್ತಿನ ಡಿಜೆಗಳು ಬೆರಗಾದರು. ಯಂತ್ರದಿಂದ ಸಂಗೀತ ಬರಲ್ಲ ಅನ್ನೋ ಮಾತು ಅಲ್ಲಿಗೆ ಮುಗೀಬೇಕಿತ್ತು.

ಹಂಗಾದ್ರೆ ಅವನು ಮಾಡೋದೇನು?

ಕೆಲಸವನ್ನೇ ನೋಡೋಣ. ಒಂದು ಹಾಡು ನಿಮಿಷಕ್ಕೆ 96 ಪೆಟ್ಟಿನಲ್ಲಿ ನಡೀತಿದೆ, ಮುಂದಿನದು 104ರಲ್ಲಿ. ಒಂದು ನಿಂತ ಮೇಲೆ ಇನ್ನೊಂದು ಶುರುವಾದರೆ ಕುಣಿಯುವವರ ಕಾಲು ಮುಗ್ಗರಿಸುತ್ತದೆ. ಆದ್ದರಿಂದ ಡಿಜೆ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಒಬ್ಬನೇ ಕೇಳ್ತಾ, ವೇಗ ತಗ್ಗಿಸಿ, ಎರಡರ ಪೆಟ್ಟೂ ಒಂದರ ಮೇಲೊಂದು ಕೂರುವ ಹಾಗೆ ಮಾಡ್ತಾನೆ. ಎರಡು ಹಾಡಿನ ಬೇಸು ಒಟ್ಟಿಗೆ ಬಿದ್ದರೆ ರಾಡಿಯಾಗುತ್ತೆ, ಹಾಗಾಗಿ ಒಂದರದ್ದು ಇಳಿಸಿ ಇನ್ನೊಂದರದ್ದು ಏರಿಸ್ತಾನೆ. ಶ್ರುತಿ ಹೊಂದದಿದ್ದರೆ ಕಿವಿಗೆ ಮುಳ್ಳು, ಅದನ್ನೂ ನೋಡಬೇಕು. ಜೊತೆಗೆ ಕಣ್ಣು ಜನರ ಮೇಲೆ. ದಣಿದರೋ, ಇನ್ನೂ ಬೇಕೋ, ಈಗ ಬಿಡಬೇಕೋ ತಡೀಬೇಕೋ. 1969–70ರ ಸುಮಾರಿಗೆ ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೋ ಇದನ್ನು ಕಿವಿ ಮತ್ತು ಬೆರಳಿನ ಬಲದಿಂದಲೇ ಮಾಡುತ್ತಿದ್ದ. 1972ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಬಂದಮೇಲೆ ಕೈಗೊಂದು ನಂಬಿಕಸ್ತ ಸಾಧನ ಸಿಕ್ಕಿತು. ಇವತ್ತು ಸಾಫ್ಟ್‌ವೇರಿನಲ್ಲಿ 'ಸಿಂಕ್' ಅಂತ ಗುಂಡಿ ಒತ್ತಿದರೆ ಪೆಟ್ಟು ತಾನಾಗೇ ಕೂರುತ್ತೆ. ಯಾವ ಹಾಡು, ಯಾವಾಗ, ಎಷ್ಟು ಹೊತ್ತು ಅನ್ನೋದನ್ನು ಆ ಗುಂಡಿ ಹೇಳಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆ ಇದೆ. ಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಒಂದು ಜಾನಪದ ಹಾಡಿಗೆ ಹಲಗಿಯ ಪೆಟ್ಟು, ಹೈದರಾಬಾದಿನ ತೀನ್‌ಮಾರು, ಒಂದು ಸಿಂಥ್ ಸೇರಿಸಿ ಹೊಸ ಟ್ರ್ಯಾಕ್ ಕಟ್ಟುವ ಹುಡುಗರು. ತೀನ್‌ಮಾರು ನಮಗೆ ಪರಕೀಯವೂ ಅಲ್ಲ. 1948ರ ತನಕ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು, 1956ರಲ್ಲಷ್ಟೇ ಕನ್ನಡ ರಾಜ್ಯಕ್ಕೆ ಸೇರಿತು. ನಿಜಾಮರ ಸೇನೆಯಲ್ಲಿದ್ದ ಆಫ್ರಿಕಾ ಮತ್ತು ಯೆಮನ್ ಮೂಲದವರು ತಂದ ಮರ್ಫಾ ವಾದ್ಯದ ಪೆಟ್ಟುಗಳು ಹೈದರಾಬಾದಿನ ಬೀದಿಗಳಲ್ಲಿ ಬೆಳೆದವು, ತೀನ್‌ಮಾರು ಅದರಲ್ಲೊಂದು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಚಹಾದಂಗಡಿಯಲ್ಲಿ ಕೇಳುವ ಊರಿನ ಹುಡುಗ ಮೂರನ್ನೂ ಒಂದೇ ಟ್ರ್ಯಾಕಿನಲ್ಲಿ ಕೂಡಿಸಿದರೆ ಅವನು ತನ್ನ ಊರನ್ನೇ ನುಡಿಸ್ತಿದ್ದಾನೆ.

ನನ್ನ ಅಳತೆಗೋಲು ಸರಳ. ಆ ಹುಡುಗನನ್ನು ಎಬ್ಬಿಸಿ ಬೇರೆಯವನನ್ನು ಕೂರಿಸಿ. ಸಂಗೀತ ಬದಲಾಯಿತಾ? ಬದಲಾದರೆ ಮೊದಲಿನವನು ಸಂಗೀತಗಾರ. ಏನೂ ಬದಲಾಗದೆ ಅದೇ ಪ್ಲೇಲಿಸ್ಟು, ಅದೇ ಸದ್ದು ಮುಂದುವರಿದರೆ ಅವನು ಆಪರೇಟರ್. ಆಪರೇಟರ್ ಆಗಿರೋದು ಕೀಳು ಕೆಲಸ ಅಲ್ಲ, ಬೇರೆ ಕೆಲಸ. ಹಿಂದೆ ನಮ್ಮೂರ ಮದುವೆಗಳಲ್ಲಿ ಮೈಕ್ ಸೆಟ್ಟಿನವನು ಮುಂಜಾನೆ ಭಕ್ತಿಗೀತೆ, ಊಟದ ಹೊತ್ತಿಗೆ ಸಿನಿಮಾ ಹಾಡು ಅಂತ ಹೊತ್ತು ನೋಡಿ ರೆಕಾರ್ಡು ಹಾಕ್ತಿದ್ದ. ಅವರಲ್ಲೂ ಕೆಲವರಿಗೆ ಕಿವಿ ಇತ್ತು, ಕೆಲವರಿಗೆ ಇರಲಿಲ್ಲ. ಎಲ್ಲರಿಗೂ ಒಂದೇ ಹೆಸರು: ಮೈಕಿನವ.

ಕಾನೂನು ಏನಂತದೆ

ಬರ್ಲಿನ್ನಿನಲ್ಲಿ ಈ ಪ್ರಶ್ನೆ ಕೋರ್ಟಿನ ತನಕ ಹೋಗಿತ್ತು. ಅಲ್ಲಿ ಸಂಗೀತ ಕಛೇರಿಯ ಟಿಕೆಟ್ಟಿಗೆ 7 ಶೇಕಡಾ ತೆರಿಗೆ, ಬರೀ ಮನರಂಜನೆಗೆ 19. ಟೆಕ್ನೋ ಕ್ಲಬ್ಬುಗಳಿಗೆ ಯಾವುದು? 2020ರಲ್ಲಿ ಜರ್ಮನಿಯ ಅತ್ಯುನ್ನತ ತೆರಿಗೆ ನ್ಯಾಯಾಲಯ ಡಿಜೆಗಳ ಪರ ನಿಂತಿತು. ಅವರು ಬೇರೆಯವರ ಹಾಡನ್ನು ಸುಮ್ಮನೆ ಹಾಕೋದಿಲ್ಲ, ಟರ್ನ್‌ಟೇಬಲ್ಲು ಮಿಕ್ಸರುಗಳನ್ನು ವಾದ್ಯದಂತೆ ಬಳಸಿ ಹೊಸ ಸಂಗೀತ ಮಾಡ್ತಾರೆ ಅನ್ನೋದು ಅದರ ತರ್ಕ. 2024ರಲ್ಲಿ ಬರ್ಲಿನ್ನಿನ ಟೆಕ್ನೋ ಜರ್ಮನಿಯ ಪರಂಪರೆಯ ಪಟ್ಟಿಗೂ ಸೇರಿತು.

ನಮ್ಮಲ್ಲಿ ಚಿತ್ರ ಬೇರೆ. ಜಿಎಸ್‌ಟಿಯಲ್ಲಿ ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕದ ಕಲಾವಿದರ ಒಂದು ಕಾರ್ಯಕ್ರಮದ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ ವಿನಾಯಿತಿ ಇದೆ. ಡಿಜೆ ಈ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರಲ್ಲ. ಆದರೆ ಕೃತಿಸ್ವಾಮ್ಯ ಕಾಯ್ದೆ ಮಾತ್ರ ಬಹಳ ಉದಾರಿ. 1994ರ ತಿದ್ದುಪಡಿಯಲ್ಲಿ 'ಪ್ರದರ್ಶಕ' ಯಾರು ಅಂತ ಹೇಳುವಾಗ ನಟ, ಗಾಯಕ, ಸಂಗೀತಗಾರ, ನೃತ್ಯಗಾರರ ಜೊತೆ ದೊಂಬರಾಟದವರು, ಜಾದೂಗಾರರು, ಹಾವಾಡಿಗರು, ಉಪನ್ಯಾಸ ಕೊಡುವವರು, ಇನ್ನು ಪ್ರದರ್ಶನ ಕೊಡುವ ಯಾರೇ ಆದರೂ ಅಂತ ಬರೆದಿದೆ. ಹಾವಾಡಿಗನಿಗೂ ಜಾಗ ಇರುವ ಪಟ್ಟಿಯಲ್ಲಿ ಡಿಜೆಗೆ ಒಂದು ಮೂಲೆ ಸಿಗಲಾರದೇ?

ಹಲಗಿಯ ಲೆಕ್ಕ

ಇಲ್ಲಿಯ ತನಕ ಓದಿದವರು 'ಸರಿ, ಡಿಜೆ ಸಂಗೀತಗಾರನೇ ಇರಲಿ, ಆದರೆ ಅವನು ಬಂದು ನಮ್ಮ ಹಲಗಿ, ಕರಡಿ ಮಜಲು, ಸನಾದಿ ಎಲ್ಲ ನುಂಗಿಹಾಕಿದನಲ್ಲ' ಅನ್ನಬಹುದು. ನೋವಿನ ಮಾತು, ನಿಜವೂ ಹೌದು. ಹತ್ತು ಜನ ಬಾರಿಸುವ ಮೇಳಕ್ಕೆ ಕೊಡುವ ದುಡ್ಡಿನಲ್ಲಿ ಊರೆಲ್ಲ ಅದುರಿಸುವ ಗಾಡಿ ಬಾಡಿಗೆಗೆ ಸಿಗುವಾಗ ಮೇಳ ಸೋಲುತ್ತದೆ.

ಆದರೆ ಒಂದು ಪ್ರಶ್ನೆ ನಾವೇ ಕೇಳಿಕೊಳ್ಳಬೇಕು. ಹಲಗಿ ಬಾರಿಸುವವನನ್ನು ನಾವು ಯಾವಾಗ ಸಂಗೀತಗಾರ ಅಂದಿದ್ದೆವು? ತಲೆಮಾರುಗಟ್ಟಲೆ ಹಲಗಿ ಬಾರಿಸೋದು ಒಂದು ಜಾತಿಯ ಮೇಲೆ ಹೇರಿದ ಊರ ಚಾಕರಿಯಾಗಿತ್ತು. ಸಾವಿಗೂ ಅವನೇ, ಜಾತ್ರೆಗೂ ಅವನೇ. ಗುಡಿಯ ಹೊರಗೆ ನಿಂತು ಬಾರಿಸಬೇಕು, ಕೊಟ್ಟಷ್ಟು ಇಸಕೊಳ್ಳಬೇಕು. ಅವನ ಕೈಯಲ್ಲಿದ್ದ ಲಯಜ್ಞಾನಕ್ಕೆ ಯಾರೂ ವಿದ್ವತ್ತು ಅನ್ನಲಿಲ್ಲ. 1970ರ ದಶಕದಿಂದ ದಲಿತ ಚಳವಳಿ ಈ ಬಿಟ್ಟಿ ಚಾಕರಿ ಬಿಡಿ ಅಂತ ಹೇಳಿದಾಗ, ಹಲವು ಕಡೆ ಹುಡುಗರು ಹಲಗಿ ಕೆಳಗಿಟ್ಟರು. ಅದು ಸಂಗೀತದ ಮೇಲಿನ ಸಿಟ್ಟಲ್ಲ, ಅದಕ್ಕೆ ಅಂಟಿಕೊಂಡ ಅವಮಾನದ ಮೇಲಿನ ಸಿಟ್ಟು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಹೋರಾಟದ ಹಾಡಿನ ಜೊತೆ ಚರ್ಮವಾದ್ಯ ತಲೆಯೆತ್ತಿ ಸದ್ದು ಮಾಡಿತು.

ಹೀಗೆ ನೋಡಿದಾಗ ಡಿಜೆ ಗಾಡಿಗೆ ಇನ್ನೊಂದು ಮುಖ ಕಾಣುತ್ತದೆ. ಡಿಜೆ ಯಾವ ಜಾತಿಯ ಕಸುಬೂ ಅಲ್ಲ. ಸಾಲ ಮಾಡಿ ಬಾಕ್ಸು ಕೊಂಡ ಯಾವ ಹುಡುಗನೂ ಅದನ್ನು ಹಚ್ಚಬಹುದು, ಬಾಡಿಗೆ ಕೊಟ್ಟ ಯಾವ ಓಣಿಯವರೂ ಅದರ ಮುಂದೆ ಕುಣೀಬಹುದು. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗಿ ನಿಮ್ಮ ಅಪಾರ್ಟ್‌ಮೆಂಟಿನ ಗೋಡೆ ಕಟ್ಟಿದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ, ವರ್ಷವೆಲ್ಲ ತಲೆ ತಗ್ಗಿಸಿದವರು, ನಮ್ಮದೂ ಒಂದು ಸದ್ದು ಕೇಳಲಿ ಅಂತ ಆ ಗಾಡಿ ತರಿಸ್ತಾರೆ. ಅದನ್ನು ಬರೀ ಗದ್ದಲ ಅಂತ ತಳ್ಳಿಹಾಕೋದು ಸುಲಭ. ಬೀದಿಯ ದಾಸರನ್ನು ತಳ್ಳಿಹಾಕಿದ್ದೂ ಅಷ್ಟೇ ಸುಲಭವಾಗಿತ್ತು.

ಸಂಗೀತಗಾರ ಅಂದಮೇಲೆ

ಹಾಗಂತ ಗದ್ದಲವನ್ನು ನಾನು ಸಮರ್ಥಿಸ್ತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ 45 ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಕೆಲವು ಹಬ್ಬದ ದಿನಗಳಿಗೆ ಮಾತ್ರ, ವರ್ಷಕ್ಕೆ 15 ದಿನ ಮೀರದಂತೆ, ಮಧ್ಯರಾತ್ರಿಯ ತನಕ ಸರ್ಕಾರ ಸಡಿಲಿಸಬಹುದು. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಕಿವಿಯ ಲೆಕ್ಕ ಇನ್ನೂ ಕಟುವಾದದ್ದು. 85 ಡೆಸಿಬಲ್ಲನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳುವ ಕಿವಿ 100 ಡೆಸಿಬಲ್ಲನ್ನು ತಡೆಯೋದು ಕಾಲು ಗಂಟೆ ಮಾತ್ರ. ಬಾಕ್ಸುಗಳ ಪಕ್ಕದಲ್ಲೇ ರಾತ್ರಿಯಿಡೀ ಕೂರುವ ಆ ಹೆಸರಿಲ್ಲದ ಹುಡುಗನ ಕಿವಿ ಎಲ್ಲರಿಗಿಂತ ಮುಂಚೆ ಹೋಗುತ್ತದೆ. ಅವನ ಕಸುಬಿಗೆ ಕಿವಿಯೇ ಬಂಡವಾಳ.

ನಾನು ಈ ಪ್ರಶ್ನೆಯನ್ನು ಇಷ್ಟು ದೂರ ಎಳೆದದ್ದು ಇದಕ್ಕೇ. ಡಿಜೆ ಅಂದ್ರೆ ಡಬ್ಬ ಅಂದುಕೊಂಡಾಗ ನಮ್ಮ ಬಳಿ ಎರಡೇ ದಾರಿ ಇರುತ್ತವೆ, ಹಚ್ಚು ಇಲ್ಲ ಆರಿಸು. ಅನುಮತಿ ಇಲ್ಲ ನಿಷೇಧ. ಡಬ್ಬಕ್ಕೆ ಜವಾಬ್ದಾರಿ ಹೇಳೋಕೆ ಆಗಲ್ಲ, ಮರ್ಯಾದೆ ಕೊಡೋಕೂ ಆಗಲ್ಲ. ಡಿಜೆ ಅಂದ್ರೆ ಮನುಷ್ಯ ಅಂದುಕೊಂಡಾಗ ಮಾತುಕತೆ ಶುರುವಾಗುತ್ತದೆ. ತಬಲಾದವನಿಗೆ ಗಾಯಕ ಕಣ್ಣಲ್ಲೇ 'ಮೆಲ್ಲಗೆ' ಅನ್ನೋ ಹಾಗೆ, ಆಸ್ಪತ್ರೆ ದಾಟುವಾಗ ಇಳಿಸು, ಇಲ್ಲಿ ಬೇಸು ಕಡಿಮೆ ಮಾಡು, ಹತ್ತಕ್ಕೆ ಮುಗಿಸು ಅಂತ ಅವನಿಗೆ ಹೇಳಬಹುದು. ಅವನು ಕೇಳಬೇಕು ಕೂಡ. ಯಾಕಂದ್ರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋದು ಸಂಗೀತದ ಅರ್ಧ ವಿದ್ಯೆ.

ಎಲ್ಲ ಡಿಜೆಗಳೂ ಸಂಗೀತಗಾರರಲ್ಲ. ಪೇಟಿ ಇಟ್ಟುಕೊಂಡವರೆಲ್ಲ ಮಾಸ್ತರರೂ ಅಲ್ಲ. ಜಮೈಕಾದವರಂತೆ ನಾವೂ ಹೆಸರು ಬೇರೆ ಮಾಡೋಣ. ಗಾಡಿಗೆ 'ಸೌಂಡು' ಅನ್ನೋಣ, ಅದನ್ನು ನಡೆಸುವವನಿಗೆ ಆಪರೇಟರ್ ಅನ್ನೋಣ. ಕಿವಿ ಇಟ್ಟು ಆರಿಸಿ, ಕೂಡಿಸಿ, ಹೊಸದೊಂದು ಕಟ್ಟುವವನಿಗೆ ಮಾತ್ರ ಡಿಜೆ ಅನ್ನೋಣ. ಹಾಗೆ ಕರೆದಮೇಲೆ ಮೆರವಣಿಗೆಯಲ್ಲಿ ಅವನ ಪಕ್ಕಕ್ಕೆ ಹಲಗಿಯವರನ್ನೂ ಗೌರವದ ಸಂಭಾವನೆ ಕೊಟ್ಟು ನಿಲ್ಲಿಸಬಹುದು. ರಿಮಿಕ್ಸಿಗೆ ಬೇಕಾದ ಪೆಟ್ಟು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಬದಲು ಪಕ್ಕದ ಕೇರಿಯ ಕೈಯಿಂದಲೇ ಬರಲಿ.

ರಾಯಚೂರು ನಗರದ ದೊಡ್ಡ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿಟ್ಟಿದ್ದೇವೆ. ಹಳ್ಳಿಯಿಂದ ಬಂದು ಹಿಂದೂಸ್ತಾನಿ ಹಾಡಿದ ಗಾಯಕನ ಹೆಸರನ್ನು ಗೋಡೆಯ ಮೇಲೆ ಬರೆಯುವಷ್ಟು ಸಂಗೀತದ ಅಭಿಮಾನ ಇರುವ ಊರು ಇದು. ಮುಂದಿನ ಶಾಂತಿ ಸಭೆಗೆ ಆ ಲ್ಯಾಪ್‌ಟಾಪ್ ಹುಡುಗರನ್ನೂ ಕರೀರಿ, ಅವರ ಹೆಸರು ಕೇಳಿ ಬರೆದುಕೊಳ್ಳಿ. 'ಎಷ್ಟು ಬಾಕ್ಸು' ಅನ್ನೋದನ್ನು ಆಮೇಲೆ ಕೇಳಿದರಾಯಿತು.